ಬರೆಯದೆ ಬಿಟ್ಟ ಒಂದು ಸಾಲು

ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳಿರುವ ಮನೆಯಲ್ಲಿ ಬಿ.ಎಸ್ಸಿ. ಪಾಸಾದ ತಂದೆ ತನ್ನ ಮಾನ ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಧಾರವಾಡದಲ್ಲಿ ಕಲಿತ ರಸಾಯನಶಾಸ್ತ್ರವನ್ನು ಮುಂಬಯಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯ ಫೈಲುಗಳ ನಡುವೆ ಇಪ್ಪತ್ತು ವರ್ಷ ಒಣಗಹಾಕಿದ ಮೇಲೆ ನನ್ನಲ್ಲಿ ಉಳಿದಿರುವುದು ಕೆಲವು ಹೆಸರುಗಳು, ಕೆಲವು ಸೂತ್ರಗಳು, ಮತ್ತು ಒಂದು ಪದವಿ ಪತ್ರ. ಆದರೂ ಡೊಂಬಿವಲಿಯ ನಮ್ಮ ಮನೆಯಲ್ಲಿ ವಿಜ್ಞಾನದ ಖಾತೆ ನನ್ನದೇ. ಗಣಿತದ ಖಾತೆ ನಮ್ಮಾಕೆಯದು.

ಕಳೆದ ಮಳೆಗಾಲದ ಒಂದು ರಾತ್ರಿ ಮಗಳು ದ್ರವ್ಯರಾಶಿ ಸಂರಕ್ಷಣೆಯ ನಿಯಮವನ್ನು ಬಾಯಿಪಾಠ ಮಾಡುತ್ತಿದ್ದಳು. ಪುಟದ ಮೂಲೆಯಲ್ಲಿ ಲವಾಸಿಯೆಯ ಚಿತ್ರ, ಅದರ ಕೆಳಗೆ 1743–1794 ಎಂದು ಇಸವಿ. ತಾಯಿಯ ಮಗಳಲ್ಲವೆ, ತಟ್ಟನೆ ಕಳೆದು ನೋಡಿದಳು.

"ಅಪ್ಪಾ, ಇಂವಾ ಐವತ್ತೊಂದಕ್ಕ ಯಾಕ ಸತ್ತ? ಲ್ಯಾಬಿನ್ಯಾಗ ಏನರ ಬ್ಲಾಸ್ಟ್ ಆತೇನು?"

"ಐವತ್ತೊಂದೂ ಆಗಿದ್ದಿಲ್ಲವಾ, ಐವತ್ತು. ಅಂವನ ತಲಿ ಕಡದ್ರು."

"ಯಾರು?"

"ಸರ್ಕಾರದವರು."

"ಯಾಕ?"

ಒಳಗಿನಿಂದ ನಮ್ಮಾಕೆ, "ಊಟದ ಹೊತ್ತಿನ್ಯಾಗ ತಲಿ ಕಡಿಯೂ ಮಾತು ಬ್ಯಾಡ್ರಿ" ಎಂದು ಕೂಗಿದ್ದರಿಂದ ಆ ರಾತ್ರಿ ನಾನು ಬಚಾವಾದೆ. ನಿಜ ಹೇಳಬೇಕೆಂದರೆ ಆ 'ಯಾಕ'ಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಸತ್ತ ಎಂಬುದಷ್ಟೇ ಗೊತ್ತಿತ್ತು. ಮರುದಿನದಿಂದ ಲೋಕಲ್ ಗಾಡಿಯಲ್ಲಿ ಸೀಟು ಸಿಕ್ಕಾಗಲೆಲ್ಲ ಆ ಕಾಲದ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ ಅದು ನನ್ನದೇ ಮೇಜಿನ ಮೇಲಿನ ಫೈಲಿನಂತೆ ಕಾಣತೊಡಗಿತು. ಅದಕ್ಕೆ ಕಾರಣವನ್ನು ಕಡೆಯಲ್ಲಿ ಹೇಳುತ್ತೇನೆ.

ಫ್ರಾನ್ಸು ನಮಗೆ ತೀರ ದೂರದ ದೇಶವೇನಲ್ಲ. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಪ್ಯಾರಿಸಿಗೆ ಹೋಗಿ, ಆಗಸ್ಟ್ ತಿಂಗಳಲ್ಲಿ ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದಿದ್ದರು. ಇಂಗ್ಲಿಷರ ವಿರುದ್ಧ ಅವರು ಬೇಡಿದ ಸೈನ್ಯ ಸಿಗಲಿಲ್ಲ, ಪಿಂಗಾಣಿಯ ಉಡುಗೊರೆ ಸಿಕ್ಕಿತು. ಅದಾಗಿ ವರ್ಷ ತುಂಬುವ ಮೊದಲೇ, 1789ರ ಜುಲೈ 14ರಂದು, ಬಾಸ್ತಿಲ್ ಕೋಟೆ ಬಿತ್ತು. ನಮ್ಮ ಶ್ರೀರಂಗಪಟ್ಟಣದ ದೂತರು ಕಂಡ ಆ ಪ್ಯಾರಿಸ್ಸಿನಲ್ಲಿಯೇ ನಾನು ಹೇಳಲಿರುವ ಮೂವರು ವಿದ್ವಾಂಸರೂ ಆಗ ಗೌರವದಿಂದ ಬಾಳುತ್ತಿದ್ದರು. ಮೂವರೂ ಅಲ್ಲಿನ ವಿಜ್ಞಾನ ಅಕಾಡೆಮಿಯ ಸದಸ್ಯರು. ಆರು ವರ್ಷಗಳ ಒಳಗೆ ಮೂವರೂ ಇರಲಿಲ್ಲ.

ಮೊದಲನೆಯವನು ಬೈಲಿ ಎಂಬ ಖಗೋಳಜ್ಞ. ಗುರುಗ್ರಹದ ಚಂದ್ರರ ಮೇಲೆ ಕೆಲಸ ಮಾಡಿದವನು. 1787ರಲ್ಲಿ ಭಾರತದ ಜ್ಯೋತಿಶ್ಶಾಸ್ತ್ರದ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ನಮ್ಮ ಪಂಚಾಂಗದವರು ಕಲಿಯುಗಕ್ಕೆ ಹೇಳುವ ಕ್ರಿಸ್ತಪೂರ್ವ 3102ರ ಆರಂಭವನ್ನು, ದಕ್ಷಿಣ ಭಾರತದಿಂದ ಯುರೋಪಿಗೆ ಹೋಗಿದ್ದ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿದ ಪುಣ್ಯಾತ್ಮ. ಅವನ ನಿರ್ಣಯಗಳನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ, ಆ ಮಾತು ಬೇರೆ. ಇಂಥವನು 1789ರ ಜೂನ್ 20ರಂದು ಟೆನಿಸ್ ಅಂಗಳದಲ್ಲಿ ಜನಪ್ರತಿನಿಧಿಗಳ ಪ್ರಸಿದ್ಧ ಪ್ರತಿಜ್ಞೆಯನ್ನು ಓದಿ ಹೇಳಿದ. ಬಾಸ್ತಿಲ್ ಬಿದ್ದ ಮರುದಿನ ಪ್ಯಾರಿಸಿನ ಮೊದಲ ಮೇಯರ್ ಆದ. ಎರಡು ವರ್ಷ ಕಳೆಯಿತು. 1791ರ ಜುಲೈ 17ರಂದು ಮಾರ್ಸ್ ಮೈದಾನದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿ ಹಲವರು ಸತ್ತರು. ಸೈನಿಕ ಕಾನೂನು ಸಾರಿದವನು ಮೇಯರ್ ಬೈಲಿ. ಜನ ಅದನ್ನು ಮರೆಯಲಿಲ್ಲ. ಮುಂದೆ ರಾಣಿಯ ವಿಚಾರಣೆಯಲ್ಲಿ ಅವಳ ವಿರುದ್ಧ ಸಾಕ್ಷಿ ನುಡಿಯಲೂ ಅವನು ಒಪ್ಪಲಿಲ್ಲ. 1793ರ ನವೆಂಬರ್ 12ರಂದು ಅದೇ ಮೈದಾನದ ಬಳಿ, ಚಳಿಮಳೆಯಲ್ಲಿ ಬಹಳ ಹೊತ್ತು ಕಾಯಿಸಿ, ಅವನ ತಲೆ ಕಡಿದರು. ನಡುಗುತ್ತೀಯೇನು ಎಂದು ಯಾರೋ ಹಂಗಿಸಿದಾಗ, ಹೌದು, ಚಳಿಗೆ, ಎಂದನಂತೆ.

ಎರಡನೆಯವನು ಕಾಂಡೊರ್ಸೆ. ಗಣಿತಜ್ಞ, ಅಕಾಡೆಮಿಯ ಕಾರ್ಯದರ್ಶಿ. ಹೆಂಗಸರಿಗೂ ನಾಗರಿಕ ಹಕ್ಕು ಬೇಕೆಂದು 1790ರಷ್ಟು ಹಿಂದೆಯೇ ಬರೆದವನು. ಗುಲಾಮಗಿರಿಯ ವಿರೋಧಿ, ಮರಣದಂಡನೆಯ ವಿರೋಧಿ. ರಾಜನ ತಲೆ ತೆಗೆಯಬೇಕೆ ಎಂಬ ಪ್ರಶ್ನೆ ಬಂದಾಗಲೂ ಅವನು ಮರಣದಂಡನೆಗೆ ಮತ ಕೊಡಲಿಲ್ಲ. 1793ರಲ್ಲಿ ಹೊಸ ಸಂವಿಧಾನವನ್ನು ಟೀಕಿಸಿದ್ದಕ್ಕೆ ವಾರಂಟ್ ಹೊರಟಿತು. ಆಗ ಅವನಿಗೆ ಬಾಗಿಲು ತೆರೆದವಳು ಮದಾಂ ವೆರ್ನೆ ಎಂಬ ವಿಧವೆ, ಮನೆಯಲ್ಲಿ ಬಾಡಿಗೆಗೆ ಜನರನ್ನಿಟ್ಟುಕೊಂಡು ಬದುಕುತ್ತಿದ್ದ ಸಾಮಾನ್ಯ ಹೆಂಗಸು. ಇಂಥವರಿಗೆ ಆಶ್ರಯ ಕೊಟ್ಟರೆ ತನ್ನ ತಲೆಯೂ ಹೋಗುತ್ತದೆಂದು ಗೊತ್ತಿದ್ದೂ ಎಂಟು ತಿಂಗಳಿಗೂ ಮೇಲೆ ಅವನನ್ನು ಕಾಪಾಡಿದಳು. ಆ ಕೋಣೆಯಲ್ಲಿ ಕೂತು ಅವನು ಬರೆದದ್ದೇನು ಗೊತ್ತೆ? ಮನುಷ್ಯನ ಬುದ್ಧಿ ಯುಗದಿಂದ ಯುಗಕ್ಕೆ ಹೇಗೆ ಮುಂದುವರಿಯುತ್ತ ಬಂದಿದೆ ಎಂಬ ಗ್ರಂಥ! ಹೊರಗೆ ತಲೆಗಳು ಉರುಳುತ್ತಿದ್ದವು, ಒಳಗೆ ಈತ ಮನುಕುಲದ ಮುನ್ನಡೆಯ ಬಗ್ಗೆ ಬರೆಯುತ್ತಿದ್ದ. ಅವನ ಹೆಂಡತಿ ಸೋಫಿ ಹೊಟ್ಟೆಪಾಡಿಗೆ ಪುಟ್ಟ ಪುಟ್ಟ ಭಾವಚಿತ್ರ ಬರೆದು ಮಾರುತ್ತಿದ್ದಳು. 1794ರ ಮಾರ್ಚ್ 25ರಂದು, ತನ್ನಿಂದ ಆ ತಾಯಿಗೆ ಅಪಾಯ ಬರಬಾರದೆಂದು ಅವನು ಮನೆಯಿಂದ ಹೊರಬಿದ್ದ. ಎರಡು ದಿನಕ್ಕೆ ಸಿಕ್ಕಿಬಿದ್ದ. ಮತ್ತೆರಡು ದಿನಕ್ಕೆ ಸೆರೆಮನೆಯಲ್ಲಿ ಹೆಣವಾಗಿ ಬಿದ್ದಿದ್ದ. ಮರುವರ್ಷ, ಅವನನ್ನು ಬೇಟೆಯಾಡಿದ ಅದೇ ರಾಷ್ಟ್ರಸಭೆ ಅವನ ಗ್ರಂಥದ 3000 ಪ್ರತಿಗಳನ್ನು ಸರ್ಕಾರಿ ಖರ್ಚಿನಲ್ಲಿ ಕೊಂಡು ಹಂಚಿತು. ಆ ಫೈಲಿನ ಮೇಲೆ 'ಮಂಜೂರಾಗಿದೆ' ಎಂದು ಬರೆದ ಗುಮಾಸ್ತನ ಮುಖ ಹೇಗಿತ್ತೋ!

ಇನ್ನು ಲವಾಸಿಯೆ. ಈತನ ಕಥೆಯೇ ನನ್ನನ್ನು ಹಿಡಿದು ಕೂರಿಸಿದ್ದು. ಯಾಕೆಂದರೆ ಈತನೂ ಒಂದು ರೀತಿಯಲ್ಲಿ ನಮ್ಮ ಜಾತಿಯವನು, ಲೆಕ್ಕದ ಮನುಷ್ಯ.

ಅವನು ವಿಜ್ಞಾನಿ ಎಂದು ಪ್ರಪಂಚಕ್ಕೆ ಗೊತ್ತು. ಅವನ ಉದ್ಯೋಗ ತೆರಿಗೆ ವಸೂಲಿ ಎಂಬುದು ನನಗೆ ಗೊತ್ತಿರಲಿಲ್ಲ. ಆಗಿನ ಫ್ರಾನ್ಸಿನಲ್ಲಿ ಉಪ್ಪು, ತಂಬಾಕು, ಸುಂಕ ಮುಂತಾದವುಗಳ ತೆರಿಗೆಯನ್ನು ರಾಜ ಒಂದು ಶ್ರೀಮಂತ ಕೂಟಕ್ಕೆ ಗುತ್ತಿಗೆ ಕೊಡುತ್ತಿದ್ದ. ನಮ್ಮಲ್ಲಿ ಹಿಂದೆ ಇಜಾರೆ ಎನ್ನುತ್ತಿದ್ದರಲ್ಲ, ಹಾಗೆ. ಇಂತಿಷ್ಟು ಹಣ ರಾಜನಿಗೆ, ಮೇಲೆ ಬಂದದ್ದು ಗುತ್ತಿಗೆದಾರರಿಗೆ. 1768ರಲ್ಲಿ ಲವಾಸಿಯೆ ಅಕಾಡೆಮಿಯನ್ನೂ ಸೇರಿದ, ಈ ಕೂಟದಲ್ಲೂ ಪಾಲು ಕೊಂಡ. ಬೆಳಿಗ್ಗೆ 6ರಿಂದ 9, ರಾತ್ರಿ 7ರಿಂದ 10 ಪ್ರಯೋಗಶಾಲೆ, ನಡುವೆ ಆಫೀಸು. ವಾರದಲ್ಲಿ ಒಂದು ಪೂರ್ತಿ ದಿನ ವಿಜ್ಞಾನಕ್ಕೆ. ಈ ವೇಳಾಪಟ್ಟಿಯನ್ನು ಓದಿ ನಾನು ನಾಚಿಕೊಂಡೆ. ನನಗೂ ಬೆಳಿಗ್ಗೆ ರಾತ್ರಿ ಅಷ್ಟೇ ಹೊತ್ತು ಸಿಗುತ್ತದೆ, ಅದರಲ್ಲಿ ಮೂರು ತಾಸು ಲೋಕಲ್ ಗಾಡಿಗೆ.

ಅವನ ರಸಾಯನಶಾಸ್ತ್ರವೂ ಲೆಕ್ಕಪತ್ರವೇ. ಪಾತ್ರೆಯೊಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಎರಡೂ ತಾಳೆಯಾಗಬೇಕು. ಈ ಹಠದಿಂದಲೇ ತ್ರಾಸನ್ನು ಮುಂದಿಟ್ಟುಕೊಂಡು, ಉರಿಯುವುದೆಂದರೆ ಗಾಳಿಯ ಒಂದು ಭಾಗದೊಡನೆ ಕೂಡುವುದೆಂದು ತೋರಿಸಿದ. ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟ. ನಮ್ಮ ಉಸಿರಾಟವೂ ಒಂದು ನಿಧಾನವಾದ ಉರಿ ಎಂದ. ಈ ಕೆಲಸದಲ್ಲಿ ಅವನ ಜೊತೆಗಿದ್ದವಳು ಹೆಂಡತಿ ಮಾರಿ ಆನ್. ಮದುವೆಯಾದಾಗ ಅವಳಿಗೆ ಹದಿಮೂರು ವರ್ಷ, ಅವನಿಗೆ ಇಪ್ಪತ್ತೆಂಟು. ಗಂಡನಿಗಾಗಿ ಇಂಗ್ಲಿಷ್ ಕಲಿತು ರಸಾಯನಶಾಸ್ತ್ರದ ಗ್ರಂಥವನ್ನು ಅನುವಾದಿಸಿದಳು. ದಾವೀದ್ ಎಂಬ ಮಹಾ ಚಿತ್ರಕಾರನಲ್ಲಿ ಚಿತ್ರಕಲೆ ಕಲಿತು, 1789ರಲ್ಲಿ ಬಂದ ಲವಾಸಿಯೆಯ ಪುಸ್ತಕಕ್ಕೆ ಉಪಕರಣಗಳ ಚಿತ್ರ ಬರೆದಳು. ದಾವೀದ್ 1788ರಲ್ಲಿ ಬರೆದ ಈ ದಂಪತಿಗಳ ದೊಡ್ಡ ಚಿತ್ರ ಈಗ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟು ಓದಿ ಅವನನ್ನು ದೇವರ ಪಟದ ಸಾಲಿನಲ್ಲಿ ಕೂರಿಸಬೇಡಿ. ಆ ಗುತ್ತಿಗೆ ಕೂಟವನ್ನು ಜನ ದ್ವೇಷಿಸುತ್ತಿದ್ದುದಕ್ಕೆ ಕಾರಣವಿತ್ತು. ಕೆಲವು ಪ್ರಾಂತಗಳಲ್ಲಿ ಮನೆಮನೆಯವರೂ ವರ್ಷಕ್ಕೆ ಇಂತಿಷ್ಟು ಉಪ್ಪನ್ನು ಅವರು ಹೇಳಿದ ಬೆಲೆಗೆ ಕೊಳ್ಳಲೇಬೇಕಿತ್ತು. ಕದ್ದು ಉಪ್ಪು ಸಾಗಿಸಿದವರಿಗೆ ಕಠಿಣ ಶಿಕ್ಷೆ. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿದವರ ಮೊಮ್ಮಕ್ಕಳಾದ ನಮಗೆ ಆ ಸಿಟ್ಟು ಅರ್ಥವಾಗಬೇಕು. ಪ್ಯಾರಿಸಿನ ಸುತ್ತ ಸುಂಕದ ಗೋಡೆ ಎದ್ದದ್ದು ಲವಾಸಿಯೆಯ ಸಲಹೆಯಿಂದಲೇ. ಕಳ್ಳಸಾಗಣೆಯ ಲೆಕ್ಕ ಹಾಕಿದವನಿಗೆ ಅದು ಸರಿಯೆನಿಸಿತು, ಗೋಡೆಯ ಒಳಗಿದ್ದ ಹಸಿದವನಿಗೆ ಅದು ಸೆರೆಮನೆಯೆನಿಸಿತು. ಬಾಸ್ತಿಲ್ ಬೀಳುವ ಎರಡು ದಿನ ಮೊದಲೇ ಜನ ಆ ಗೋಡೆಯ ಸುಂಕದಕಟ್ಟೆಗಳಿಗೆ ಬೆಂಕಿಯಿಟ್ಟರು. ಸಾಲದ್ದಕ್ಕೆ ಮಾರಾ ಎಂಬ ಉಗ್ರ ಪತ್ರಕರ್ತನ ದ್ವೇಷ ಬೇರೆ. ಹಿಂದೆ ಬೆಂಕಿಯ ಬಗ್ಗೆ ಅವನು ಮಾಡಿದ ಪ್ರಯೋಗಗಳಿಗೆ ಅಕಾಡೆಮಿ ಮಣೆ ಹಾಕಿರಲಿಲ್ಲ. 1791ರಲ್ಲಿ ಅವನು ತನ್ನ ಪತ್ರಿಕೆಯಲ್ಲಿ ಲವಾಸಿಯೆಯ ಮೇಲೆ ಕೆಂಡ ಕಾರಿದ.

1793ರ ನವೆಂಬರಿನಲ್ಲಿ ತೆರಿಗೆ ಗುತ್ತಿಗೆದಾರರನ್ನೆಲ್ಲ ಬಂಧಿಸಲು ಹುಕುಂ ಹೊರಟಿತು. ಕೆಲವು ದಿನ ಅಡಗಿದ್ದು ಲವಾಸಿಯೆ ತಾನಾಗಿಯೇ ಶರಣಾದ. ಅವನ ಮಾವನೂ ಅದೇ ಕೂಟದವನು, ಅವನೂ ಸೆರೆಮನೆಯಲ್ಲಿ. ಅವರ ಲೆಕ್ಕಪತ್ರ ತಪಾಸಣೆಗೆ ನೇಮಕವಾದವರು ಯಾರು? ಅದೇ ಕೂಟದ ಮಾಜಿ ನೌಕರರು! ವರದಿ ಸಲ್ಲಿಸಿದ ರಾಷ್ಟ್ರಸಭೆಯ ಸದಸ್ಯ ದುಪ್ಯಾಂ ಕೂಡ ಒಂದು ಕಾಲಕ್ಕೆ ಅಲ್ಲಿಯೇ ಕೆಲಸಕ್ಕಿದ್ದವನು. ಆರೋಪಗಳಲ್ಲಿ ಒಂದು, ಲಾಭಕ್ಕಾಗಿ ತಂಬಾಕಿಗೆ ನೀರು ಬೆರೆಸಿದರೆಂಬುದು. ತಂಬಾಕಿನಲ್ಲಿ ಬೂದಿ ಬೆರೆಸಿದ್ದನ್ನು ಆಮ್ಲ ಹಾಕಿ ನೊರೆ ಬರಿಸಿ ಪತ್ತೆಹಚ್ಚುವ ಉಪಾಯ ಹೇಳಿಕೊಟ್ಟ ಲವಾಸಿಯೆಯ ಮೇಲೆ ಕಲಬೆರಕೆಯ ಆರೋಪ! 1794ರ ಮೇ 5ರಂದು ವರದಿ ಮಂಡನೆಯಾಯಿತು. ಮೇ 8ರಂದು ವಿಚಾರಣೆ, ಅದೇ ದಿನ ಶಿಕ್ಷೆ. ಇಪ್ಪತ್ತೆಂಟು ಜನರ ತಲೆ ಸಾಲಾಗಿ ಉರುಳಿತು. ಮಾವನದು ಮೂರನೆಯದು, ಅಳಿಯನದು ನಾಲ್ಕನೆಯದು. ಗಣರಾಜ್ಯಕ್ಕೆ ವಿದ್ವಾಂಸರು ಬೇಕಿಲ್ಲ ಎಂದು ನ್ಯಾಯಾಧೀಶ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ, ಆದರೆ ಅದು ಆಮೇಲೆ ಹುಟ್ಟಿದ ಕಥೆಯೆಂದು ಇತಿಹಾಸಕಾರರ ಅಭಿಪ್ರಾಯ. ಗಣಿತಜ್ಞ ಲಗ್ರಾಂಜ್ ಮಾತ್ರ, ಈ ತಲೆ ಉರುಳಿಸಲು ಒಂದು ಕ್ಷಣ ಸಾಕಾಯಿತು, ಇಂಥದು ಇನ್ನೊಂದು ಹುಟ್ಟಲು ನೂರು ವರ್ಷ ಸಾಲದೇನೋ ಎಂದು ನೊಂದುಕೊಂಡನಂತೆ. ಎಂಬತ್ತು ದಿನ ಕಳೆಯುವುದರೊಳಗೆ ರೊಬೆಸ್ಪಿಯರನೇ ಬಿದ್ದ. ಎಂಬತ್ತು ದಿನ ಫೈಲು ನಿಧಾನವಾಗಿದ್ದರೆ! ಸರ್ಕಾರಿ ವಿಳಂಬವನ್ನು ಸದಾ ಶಪಿಸುವ ನಾವು ಇದನ್ನೂ ನೆನಪಿಡಬೇಕು.

ಹಾಗೆ ಸತ್ತವರೆಲ್ಲ ದೊಡ್ಡ ಹೆಸರಿನವರಲ್ಲ. ಆ ಭಯದ ಆಳ್ವಿಕೆಯಲ್ಲಿ ಸುಮಾರು 17 ಸಾವಿರ ಜನರಿಗೆ ನ್ಯಾಯಾಲಯಗಳು ಮರಣದಂಡನೆ ವಿಧಿಸಿದವು. ಅವರಲ್ಲಿ ಬಹುಪಾಲು ರೈತರು, ಕುಶಲಕರ್ಮಿಗಳು, ಸಾಮಾನ್ಯರು. ಅವರ ಮೇಲೆ ಪುಸ್ತಕ ಬರೆದವರಿಲ್ಲ, ಅಷ್ಟೆ.

ಓದುತ್ತ ಓದುತ್ತ ನನ್ನ ಗಮನ ದೊಡ್ಡವರನ್ನು ಬಿಟ್ಟು ಅವರ ಆಚೀಚೆ ನಿಂತವರ ಕಡೆಗೆ ಹೋಯಿತು. ನಾನಂತೂ ಲವಾಸಿಯೆ ಆಗಲಾರೆ, ರೊಬೆಸ್ಪಿಯರನೂ ಆಗಲಾರೆ. ಆದರೆ ಪಕ್ಕದಲ್ಲಿ ನಿಂತವರಲ್ಲಿ ಒಬ್ಬನಾಗಿರಬಲ್ಲೆ.

ಫೂರ್ಕ್ರುವಾ ಎಂಬ ರಸಾಯನಶಾಸ್ತ್ರಿ ಇದ್ದ. ಲವಾಸಿಯೆಯ ಜೊತೆ ಕೂತು ವಸ್ತುಗಳಿಗೆ ಹೊಸ ಹೆಸರು ಕೊಟ್ಟ ನಾಲ್ವರಲ್ಲಿ ಒಬ್ಬ. ಮಾರಾ ಕೊಲೆಯಾದ ಮೇಲೆ ಅವನ ಜಾಗದಲ್ಲಿ ರಾಷ್ಟ್ರಸಭೆಗೆ ಬಂದ. ಗೆಳೆಯ ಸೆರೆಯಲ್ಲಿದ್ದಾಗ ಸಭೆಯಲ್ಲಿ ಅವನು ಬಾಯಿ ಬಿಡಲಿಲ್ಲವೆಂಬ ಆಪಾದನೆ ಕಡೆಯವರೆಗೂ ಅವನನ್ನು ಬಿಡಲಿಲ್ಲ. ಎಲ್ಲ ಮುಗಿದ ಮೇಲೆ, 1796ರಲ್ಲಿ, ಲವಾಸಿಯೆಯ ಶ್ರದ್ಧಾಂಜಲಿ ಸಭೆಯಲ್ಲಿ ದೀರ್ಘ ಭಾಷಣ ಮಾಡಿದವನೂ ಅವನೇ. ಚಿತ್ರ ಬರೆದ ದಾವೀದನೋ, ಬಂಧನದ ಆಜ್ಞೆಗಳನ್ನು ಹೊರಡಿಸುವ ಸಮಿತಿಯಲ್ಲಿಯೇ ಸದಸ್ಯನಾಗಿದ್ದ.

ಇನ್ನೊಬ್ಬ ಅಯುಯಿ ಎಂಬ ಪಾದ್ರಿ, ಹರಳುಗಳ ಶಾಸ್ತ್ರಕ್ಕೆ ಬುನಾದಿ ಹಾಕಿದವನು. ಕಿಲೋಗ್ರಾಮನ್ನು ನಿಶ್ಚಯಿಸಲು ಲವಾಸಿಯೆಯ ಜೊತೆ ಕೂತು ನೀರು ತೂಗಿದವನು. ಹೊಸ ಸರ್ಕಾರಕ್ಕೆ ಪ್ರತಿಜ್ಞೆ ಮಾಡಲೊಪ್ಪದ ಪಾದ್ರಿಯೆಂದು 1792ರಲ್ಲಿ ತಾನೇ ಸೆರೆಮನೆ ಕಂಡಿದ್ದವನು, ಶಿಷ್ಯನೊಬ್ಬನ ಸಾಹಸದಿಂದ ಬದುಕಿ ಹೊರಬಂದವನು. ಅಂಥವನು ಸುಮ್ಮನಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ 1793ರ ಡಿಸೆಂಬರಿನಲ್ಲಿ ಅವನೂ ಬೊರ್ದಾ ಎಂಬ ಹಿರಿಯನೂ ಸೇರಿ, ಅಳತೆ ತೂಕಗಳ ಆಯೋಗದ ಪರವಾಗಿ ಸಹಿ ಹಾಕಿ ಒಂದು ಪತ್ರ ಕಳಿಸಿದರು. ಲವಾಸಿಯೆ ನಮ್ಮ ಕೆಲಸಕ್ಕೆ ಅವಶ್ಯ, ಬಿಡುಗಡೆ ಮಾಡಿ, ಎಂದು. ಉತ್ತರವಾಗಿ ಕೆಲವೇ ದಿನಗಳಲ್ಲಿ ಲವಾಸಿಯೆಯನ್ನೂ ಬೊರ್ದಾನನ್ನೂ ಇತರ ಕೆಲವರನ್ನೂ ಆಯೋಗದಿಂದ ಕಿತ್ತುಹಾಕಿದರು. ಪತ್ರದಿಂದ ಪ್ರಯೋಜನವಾಗಲಿಲ್ಲ. ಆದರೆ ಆ ಸಾಲು ಕಾಗದದ ಮೇಲೆ ಉಳಿಯಿತು.

ಇಲ್ಲಿಗೆ ನನ್ನ ಫೈಲು ಬಂತು.

ನೌಕರಿಗೆ ಸೇರಿದ ಮೊದಲ ವರ್ಷಗಳ ಮಾತು. ಆಗ ನಾನಿದ್ದ ಸೆಕ್ಷನ್ನಿನಲ್ಲಿ ಒಬ್ಬ ಹಿರಿಯ ಮರಾಠಿ ಗುಮಾಸ್ತರಿದ್ದರು. ನನಗೆ ನೋಟ್ ಬರೆಯಲು ಕಲಿಸಿದವರು ಅವರೇ. ಒಮ್ಮೆ ಅವರ ಕ್ಯಾಶ್ ಬುಕ್ಕಿನಲ್ಲಿ ಹದಿನೆಂಟು ಸಾವಿರ ಚಿಲ್ಲರೆ ರೂಪಾಯಿ ಕಡಿಮೆ ಬಂತು. ತಾಳೆ ನೋಡಿ ನೋಟ್ ಹಾಕಲು ನನಗೆ ಹೇಳಿದರು. ರಾತ್ರಿ ಎಂಟರವರೆಗೆ ಕೂತು ನೋಡಿದೆ. ಆ ಹಣ ಎಲ್ಲಿಯೂ ಹೋಗಿರಲಿಲ್ಲ, ಬೇರೊಂದು ಶೀರ್ಷಿಕೆಯ ಕೆಳಗೆ ತಪ್ಪಾಗಿ ಜಮೆಯಾಗಿದ್ದಂತೆ ಕಂಡಿತು. ಆ ನಮೂದಿನ ಪಕ್ಕ ಪೆನ್ಸಿಲಿನಿಂದ ಒಂದು ಟಿಕ್ ಹಾಕಿದೆ. ಬೆಳಿಗ್ಗೆ ಮೇಲಿನವರ ಮುಖ ನೋಡಿದಾಗ ಅವರಿಗೆ ಬೇಕಾದದ್ದು ಬೇರೆ ಎಂದು ತಿಳಿಯಿತು. ನಾನು ಪ್ರೊಬೇಷನ್ನಿನಲ್ಲಿದ್ದೆ. ಮದುವೆ ಗೊತ್ತಾಗಿತ್ತು. 'ರಸೀದಿ ಪುಸ್ತಕಕ್ಕೂ ಕ್ಯಾಶ್ ಬುಕ್ಕಿಗೂ ವ್ಯತ್ಯಾಸ ಕಂಡುಬಂದಿದೆ' ಎಂದು ಬರೆದು ಸಹಿ ಹಾಕಿದೆ. ಅದು ಸುಳ್ಳಲ್ಲ. ಎರಡನೆಯ ಸಾಲು ಬರೆಯಲಿಲ್ಲ. ಅವರು ಸಸ್ಪೆಂಡ್ ಆದರು. ಹದಿನಾಲ್ಕು ತಿಂಗಳ ಮೇಲೆ ಆಡಿಟ್‌ನವರು ಆ ಹಣವನ್ನು ಪತ್ತೆ ಹಚ್ಚಿದರು. ಅವರು ಮರಳಿ ಬಂದರು, ಸಂಬಳದ ಬಾಕಿಯೂ ಬಂತು. ಆದರೆ ಆ ಮೇಲೆ ಅವರು ನಮ್ಮ ಜೊತೆ ಚಹಾಕ್ಕೆ ಬರಲಿಲ್ಲ. ಹಾಗೆಯೇ ನಿವೃತ್ತರಾದರು.

ಅಯುಯಿಯ ಪತ್ರದ ಕಥೆ ಓದಿದ ಮೇಲಿನ ಭಾನುವಾರ ಕಲ್ಯಾಣಕ್ಕೆ ಹೋಗಿ ಅವರ ಮನೆ ಹುಡುಕಿದೆ. ಬಹಳ ಇಳಿದುಹೋಗಿದ್ದರು. ಆಚೀಚೆಯ ಮಾತು ಮುಗಿದ ಮೇಲೆ ಹೇಳಿದೆ. ಅವರ ಮರಾಠಿ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ, "ಗೊತ್ತಿತ್ತು" ಎಂದರು. "ವಿಚಾರಣೆಯಲ್ಲಿ ಆ ಪುಸ್ತಕ ನನ್ನ ಮುಂದಿಟ್ಟಿದ್ದರು. ಪೆನ್ಸಿಲಿನ ಟಿಕ್ ನೋಡಿದೆ. ಅಂಥ ಟಿಕ್ ಹಾಕಲು ನಿಮಗೆ ಕಲಿಸಿದವನು ನಾನೇ ಅಲ್ಲವೆ?"

ಹೋಗಲಿ ಬಿಡಿ ಎಂದು ಅವರು ಹೇಳಲಿಲ್ಲ. ನಾನೂ ಅದನ್ನು ಕೇಳುವ ಧೈರ್ಯ ಮಾಡಲಿಲ್ಲ. ಸೊಸೆಯನ್ನು ಕರೆದು ಚಹಾ ತರಿಸಿದರು. ಇಬ್ಬರೂ ಕುಡಿದೆವು.

ಒಂದು ಆಫೀಸಿನ ಹದಿನೆಂಟು ಸಾವಿರದ ಕಥೆಯನ್ನು ಗಿಲೊಟಿನ್ನಿನ ಪಕ್ಕ ಇಡುವುದು ಅತಿಯಾಯಿತೆಂದು ನೀವು ಅನ್ನಬಹುದು. ಒಪ್ಪುತ್ತೇನೆ. ನಮ್ಮಲ್ಲಿ ಯಾರ ತಲೆಯೂ ಹೋಗಲಿಲ್ಲ. ಆದರೆ ನನಗೆ ತಿಳಿದದ್ದಿಷ್ಟು: ಗಿಲೊಟಿನ್ನಿಗೂ ಮೊದಲು ಒಂದು ಫೈಲು ಇರುತ್ತದೆ. ಅದರಲ್ಲಿ ಎಲ್ಲರೂ ಸುಳ್ಳು ಬರೆದಿರುವುದಿಲ್ಲ. ಬಹಳ ಜನ ಅರ್ಧ ನಿಜ ಬರೆದು ಸಹಿ ಹಾಕಿರುತ್ತಾರೆ. ಕಾಲ ಒಳ್ಳೆಯದಿದ್ದರೆ ಅದರಿಂದ ಒಬ್ಬನ ಚಹಾ ತಪ್ಪುತ್ತದೆ, ಕಾಲ ಕೆಟ್ಟದ್ದಿದ್ದರೆ ತಲೆ ಹೋಗುತ್ತದೆ. ಕಾಲ ಎಂಥದೆಂಬುದು ಸಹಿ ಹಾಕುವವನ ಕೈಯಲ್ಲಿಲ್ಲ. ಎರಡನೆಯ ಸಾಲು ಮಾತ್ರ ಅವನ ಕೈಯಲ್ಲಿದೆ.

ಮಾರಿ ಆನ್‌ಳ ಮಾತು ಹೇಳದೆ ಮುಗಿಸಬಾರದು. ತಂದೆ ಮತ್ತು ಗಂಡನನ್ನು ಒಂದೇ ದಿನ ಕಳೆದುಕೊಂಡ ಆಕೆ ಮುಂದೆ ತಾನೂ ಎರಡು ತಿಂಗಳು ಸೆರೆಮನೆಯಲ್ಲಿದ್ದಳು. ಹೊರಬಂದ ಮೇಲೆ, ಆ ಸತ್ತವರ ಹೆಂಡಂದಿರು ಮಕ್ಕಳ ಜೊತೆ ಸೇರಿ ದುಪ್ಯಾಂನ ವಿರುದ್ಧ ದೂರಿನ ಹೊತ್ತಗೆ ಅಚ್ಚು ಹಾಕಿಸಿದಳು, 1795ರಲ್ಲಿ ಅವನು ಬಂಧಿತನಾದ. ಗಂಡ ಸೆರೆಯಲ್ಲಿದ್ದಾಗ ಸಿದ್ಧಪಡಿಸುತ್ತಿದ್ದ ಲೇಖನಗಳನ್ನು ಮುದ್ರಿಸಿ ವಿದ್ವಾಂಸರಿಗೆ ಹಂಚಿದಳು. ಆಮೇಲೆ ಮತ್ತೊಬ್ಬ ವಿಜ್ಞಾನಿಯನ್ನು ಮದುವೆಯಾದರೂ ಲವಾಸಿಯೆಯ ಹೆಸರನ್ನು ಬಿಟ್ಟುಕೊಡಲಿಲ್ಲ. 1836ರವರೆಗೆ ಬದುಕಿದ್ದಳು.

ಕಲ್ಯಾಣದಿಂದ ಬರುವಾಗ ಸ್ಟೇಷನ್ ಹೊರಗೆ ಅರ್ಧ ಕಿಲೋ ಟೊಮೇಟೊ ಕೊಂಡೆ. ತಕ್ಕಡಿ ಅತ್ತಿತ್ತ ತೂಗಿ ಸಮವಾಗಿ ನಿಂತಿತು. ಆ ಕಿಲೋಗ್ರಾಮಿನ ಹಿಂದೆ ನೀರು ತೂಗಿದ ಇಬ್ಬರು ನೆನಪಾದರು, ತಲೆ ಹೋದವನು ಮತ್ತು ಪತ್ರ ಬರೆದವನು. ಮನೆಯಲ್ಲಿ ಮಗಳು ಬಾಗಿಲು ತೆರೆದಳು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

"ಬಾರವಾ, ಕೂಡು," ಎಂದೆ. "ಅಂವನ ತಲಿ ಯಾಕ ಕಡದ್ರು ಅಂತ ಕೇಳಿದ್ದೆಲ್ಲಾ, ಹೇಳತೇನಿ."